ಮನೆಯ ಇಂಟರ್‌ನೆಟ್ಟನ್ನು ನೋಡಿಕೊಳ್ಳುವವರು ಯಾರು?

ಕಲಬುರಗಿಯ ಮನೆಗಳಲ್ಲಿ ಮತ್ತು ಸಣ್ಣ ಕಚೇರಿಗಳಲ್ಲಿ ಇಂಟರ್‌ನೆಟ್ ಸಂಪರ್ಕದ ಭದ್ರತೆಯನ್ನು ಪರಿಶೀಲಿಸುವುದು ನನ್ನ ವೃತ್ತಿ. ಯಾವ ಮನೆಗೆ ಹೋದರೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಇಲ್ಲಿನ ವೈಫೈ, ಮೊಬೈಲು, ಖಾತೆಗಳ ಪಾಸ್‌ವರ್ಡು, ಇವೆಲ್ಲವನ್ನು ನೋಡಿಕೊಳ್ಳುವವರು ಯಾರು? ಉತ್ತರವಾಗಿ ಸಿಗುವುದು ಹೆಚ್ಚಾಗಿ ಆ ಹೊತ್ತಿಗೆ ಮನೆಯಲ್ಲಿ ಇರದವರ ಹೆಸರು: ಬೆಂಗಳೂರಿನಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸಕ್ಕಿರುವ ಮಗ, ರೂಟರ್ ಕೂಡಿಸಿ ಹೋದ ಕೇಬಲ್ ಹುಡುಗ, ಸೂಪರ್ ಮಾರ್ಕೆಟ್ ಬಳಿಯ ಮೊಬೈಲ್ ಅಂಗಡಿಯವರು. "ಅದೆಲ್ಲ ನಮ್ಮ ಹುಡುಗಗ ಗೊತ್ತದ ರೀ" ಎಂಬ ಮಾತಿನ ಬೆನ್ನಿಗೇ "ನಮ್ಮ ಬಲ್ಲಿ ಏನದ ರೀ ಸರ, ಯಾರು ಏನು ಒಯ್ತಾರ?" ಎಂಬ ಮಾತೂ ಬರುತ್ತದೆ. ಇವನ್ನು ಅಸಡ್ಡೆಯ ಮಾತುಗಳೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅಪಾಯ ಎಲ್ಲಿಂದ ಬರುತ್ತದೆ, ಯಾರ ಮೇಲೆ ಬರುತ್ತದೆ ಎಂಬುದರ ಬಗ್ಗೆ ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದು ಚಿತ್ರವಿರುತ್ತದೆ. ಜನ ಆ ಚಿತ್ರಕ್ಕೆ ತಕ್ಕಂತೆಯೇ ಎಚ್ಚರ ವಹಿಸುತ್ತಾರೆ.

ಅಮೆರಿಕದ ಸಂಶೋಧಕ ರಿಕ್ ವಾಶ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ವಿವರವಾಗಿ ತೋರಿಸಿದೆ. ಮನೆಯಲ್ಲಿ ಕಂಪ್ಯೂಟರ್ ಬಳಸುವ ಸಾಮಾನ್ಯರೊಡನೆ ಮಾತಾಡಿ, ವೈರಸ್ ಎಂದರೇನು, ಹ್ಯಾಕರ್ ಎಂದರೆ ಯಾರು ಎಂಬುದರ ಬಗ್ಗೆ ಅವರಲ್ಲಿರುವ ಕಲ್ಪನೆಗಳನ್ನು ವಾಶ್ ಎಂಟು ಬಗೆಯಾಗಿ ವಿಂಗಡಿಸಿದರು. ಹ್ಯಾಕರ್ ಎಂದರೆ ಕೈಚಳಕ ತೋರಿಸಲು ಹೊರಟ ಕುಚೇಷ್ಟೆಯ ಹುಡುಗ ಎಂದು ತಿಳಿದವರಿದ್ದರು. ಆತ ಹಣವಂತರನ್ನೂ ಹೆಸರುವಾಸಿಯಾದವರನ್ನೂ ಮಾತ್ರ ಹುಡುಕುತ್ತಾನೆ, ನಮ್ಮಂಥವರ ಗೋಜಿಗೆ ಬರುವುದಿಲ್ಲ ಎಂದು ನಂಬಿದವರೂ ಇದ್ದರು. ಎರಡನೆಯ ನಂಬಿಕೆ ಇರುವವರು ತಜ್ಞರ ಸಲಹೆಯನ್ನು ಕೇಳಿಸಿಕೊಂಡೂ ಬಿಟ್ಟುಬಿಡುತ್ತಾರೆ, ಏಕೆಂದರೆ ಆ ಸಲಹೆ ಬೇರೆಯವರಿಗೆ ಹೇಳಿದ್ದು ಎಂದೇ ಅವರ ತಿಳಿವಳಿಕೆ. ನಮ್ಮ ಬ್ರಹ್ಮಪುರದಲ್ಲಾಗಲಿ ಆಳಂದದಲ್ಲಾಗಲಿ ಕೇಳುವ "ನಮ್ಮ ಬಲ್ಲಿ ಏನದ" ಎಂಬ ಮಾತು ಹುಟ್ಟುವುದೂ ಇದೇ ನಂಬಿಕೆಯಿಂದ.

ಈ ನಂಬಿಕೆ ಏಕೆ ಸರಿಯಲ್ಲ ಎಂಬುದನ್ನು ಹೆದರಿಸಿ ಹೇಳುವುದಕ್ಕಿಂತ ಕಾರಣ ಕೊಟ್ಟು ಹೇಳುವುದು ಲೇಸು. ಇಂದಿನ ಆನ್‌ಲೈನ್ ವಂಚಕ ಮೊದಲೇ ಒಬ್ಬರನ್ನು ಆರಿಸಿಕೊಂಡು ಬೆನ್ನು ಹತ್ತುವುದು ಅಪರೂಪ. ಒಂದೇ ಸಂದೇಶವನ್ನು ಸಾವಿರಾರು ಸಂಖ್ಯೆಗಳಿಗೆ ಕಳಿಸಲು ಅವನಿಗೆ ಹೆಚ್ಚಿನ ಖರ್ಚಿಲ್ಲ; ಅವರಲ್ಲಿ ಕೆಲವರು ಓಗೊಟ್ಟರೂ ಸಾಕು. ನಿವೃತ್ತ ಶಿಕ್ಷಕರ ಪಿಂಚಣಿಯಾಗಲಿ, ತೊಗರಿ ಮಾರಿ ಬಂದ ಹಣವಾಗಲಿ, ಗೃಹಲಕ್ಷ್ಮಿಯ 2000 ರೂಪಾಯಿಯಾಗಲಿ ಅವನಿಗೆ ಚಿಕ್ಕದಲ್ಲ. ಹಣವೇ ಇಲ್ಲದ ಖಾತೆಯೂ ಅವನ ಉಪಯೋಗಕ್ಕೆ ಬರುತ್ತದೆ. ಬೇರೆಯವರಿಂದ ದೋಚಿದ ಹಣವನ್ನು ಅದರ ಮೂಲಕ ಸಾಗಿಸಬಹುದು, ನಿಮ್ಮ ವಾಟ್ಸ್‌ಆ್ಯಪ್ ಹೆಸರಿನಲ್ಲಿ ನಿಮ್ಮ ಬೀಗರ ಹತ್ತಿರ ಸಾಲ ಕೇಳಬಹುದು.

2015ರಲ್ಲಿ ಗೂಗಲ್ ಸಂಶೋಧಕರು ಭದ್ರತಾ ತಜ್ಞರನ್ನೂ ಸಾಮಾನ್ಯ ಬಳಕೆದಾರರನ್ನೂ ಒಂದೇ ಪ್ರಶ್ನೆ ಕೇಳಿದ್ದರು: ನಿಮ್ಮ ಸುರಕ್ಷತೆಗಾಗಿ ನೀವು ಮಾಡುವ ಮುಖ್ಯ ಕೆಲಸಗಳು ಯಾವುವು? ಸಾಮಾನ್ಯರು ಆ್ಯಂಟಿವೈರಸ್ ಹಾಕುವುದನ್ನು, ಪಾಸ್‌ವರ್ಡನ್ನು ಆಗಾಗ ಬದಲಿಸುವುದನ್ನು ಮುಂದೆ ಮಾಡಿದರೆ, ತಜ್ಞರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವುದನ್ನು, ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಇಡುವುದನ್ನು, ಎರಡು ಹಂತದ ದೃಢೀಕರಣವನ್ನು, ಅಂದರೆ ಪಾಸ್‌ವರ್ಡಿನ ಜತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆಯನ್ನು ಹೇಳಿದರು. ಇಲ್ಲಿಯೂ ಜನ ಸುಮ್ಮನೆ ಕುಳಿತಿಲ್ಲ ಎಂಬುದನ್ನು ಗಮನಿಸಬೇಕು. ವರ್ಷ ವರ್ಷ ಹಣ ಕೊಟ್ಟು ಆ್ಯಂಟಿವೈರಸ್ ನವೀಕರಿಸುವ ಮನೆಗಳು ನಮ್ಮ ಊರಿನಲ್ಲಿ ಬಹಳವಿವೆ. ಅವೇ ಮನೆಗಳಲ್ಲಿ, 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಭದ್ರತಾ ನೆರವು ಮುಗಿದ ವಿಂಡೋಸ್ 10 ಯಾವ ಬದಲಾವಣೆಯೂ ಇಲ್ಲದೆ ನಡೆಯುತ್ತಿರುತ್ತದೆ. ಶ್ರಮವೂ ಹಣವೂ ಖರ್ಚಾಗುತ್ತಿವೆ, ಆದರೆ ತಾಕಬೇಕಾದ ಕಡೆ ತಾಕುತ್ತಿಲ್ಲ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಂಡಿದೆ, ಮತ್ತು ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಇಲ್ಲಿ ಇಂಟರ್‌ನೆಟ್ ಬಳಸುವವರು ಒಬ್ಬರು, ಅದನ್ನು ಹೊಂದಿಸಿ ಕೊಟ್ಟವರು ಮತ್ತೊಬ್ಬರು. ಹೊಸ ಸ್ಮಾರ್ಟ್‌ಫೋನ್ ಕೊಂಡಾಗ ಪ್ಲೇ ಸ್ಟೋರ್ ತೆರೆಯಲು ಗೂಗಲ್ ಖಾತೆ ಬೇಕು. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿರುತ್ತಾರೆ. ಅಂಗಡಿಯ ಹುಡುಗ ತನಗೆ ತೋಚಿದ ಹೆಸರಿನಲ್ಲಿ ಒಂದು ಜಿಮೇಲ್ ಖಾತೆ ತೆರೆದು, ತಾನು ಎಲ್ಲರಿಗೂ ಇಡುವ ಪಾಸ್‌ವರ್ಡನ್ನೇ ಇದಕ್ಕೂ ಇಟ್ಟು, ಕೆಲವೊಮ್ಮೆ ತನ್ನದೇ ಮೊಬೈಲ್ ಸಂಖ್ಯೆಯನ್ನು ಮರುಪಡೆಯುವ ಸಂಖ್ಯೆಯಾಗಿ ಕೊಟ್ಟು, ಫೋನನ್ನು ಕೈಗಿಡುತ್ತಾನೆ. ಅವನಲ್ಲಿ ಕೆಟ್ಟ ಉದ್ದೇಶ ಇರಬೇಕೆಂದೇನಿಲ್ಲ. ಅವನು ನೆರವನ್ನೇ ಮಾಡಿದ್ದಾನೆ. ಆದರೆ ಅಂದಿನಿಂದ ಆ ಫೋನಿನ ಸಂಪರ್ಕ ಸಂಖ್ಯೆಗಳು, ಫೋಟೊಗಳು, ಆಧಾರ್ ಕಾರ್ಡಿನ ಚಿತ್ರ, ಉಳಿಸಿಟ್ಟ ಪಾಸ್‌ವರ್ಡುಗಳು ಎಲ್ಲವೂ ಮಾಲೀಕರಿಗೇ ಹೆಸರು ಗೊತ್ತಿಲ್ಲದ ಖಾತೆಯೊಂದರಲ್ಲಿ ಕೂಡುತ್ತಾ ಹೋಗುತ್ತವೆ. ಫೋನು ಕೆಟ್ಟಾಗ ಹಳೆಯ ಖಾತೆಗೆ ಹೋಗುವ ದಾರಿ ತಿಳಿಯದೆ ಮತ್ತೊಂದು ಖಾತೆ ತೆರೆಯುತ್ತಾರೆ. ಹಳೆಯದು ಹೇಳುವವರು ಕೇಳುವವರು ಇಲ್ಲದೆ ಹಾಗೇ ಉಳಿಯುತ್ತದೆ.

ಆದುದರಿಂದ ಆ್ಯಂಟಿವೈರಸ್ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು, ನಿಮ್ಮ ಗೂಗಲ್ ಖಾತೆಯನ್ನು ನಿಮ್ಮ ವಶಕ್ಕೆ ತೆಗೆದುಕೊಳ್ಳಿ ಎಂದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬುದನ್ನು ತೆರೆದು, ಖಾತೆಯ ಭದ್ರತಾ ಪುಟಕ್ಕೆ ಹೋದರೆ ಮೂರು ವಿಷಯಗಳು ಕಾಣುತ್ತವೆ: ಖಾತೆ ಮರುಪಡೆಯಲು ಯಾವ ಫೋನ್ ಸಂಖ್ಯೆ ಮತ್ತು ಇಮೇಲ್ ಕೊಡಲಾಗಿದೆ, ಯಾವ ಯಾವ ಸಾಧನಗಳಲ್ಲಿ ಈ ಖಾತೆ ತೆರೆದಿದೆ, ಎರಡು ಹಂತದ ದೃಢೀಕರಣ ಚಾಲೂ ಇದೆಯೇ. ಸಂಖ್ಯೆ ನಿಮ್ಮದಲ್ಲದಿದ್ದರೆ ಬದಲಿಸಿ. ಗುರುತು ಸಿಗದ ಸಾಧನವಿದ್ದರೆ ಹೊರಹಾಕಿ. ಹೊಸ ಪಾಸ್‌ವರ್ಡ್ ಇಡಿ. ಹಳೆಯ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ, ಫೋನು ನಿಮ್ಮ ಕೈಯಲ್ಲೇ ಇದ್ದು ಅದಕ್ಕೆ ಪರದೆಯ ಲಾಕ್ ಇದ್ದರೆ, ಅದರಿಂದಲೇ ಗುರುತು ದೃಢಪಡಿಸಲು ಗೂಗಲ್ ಬಹಳ ಸಲ ಅವಕಾಶ ಕೊಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿಯೂ ಇದೇ ರೀತಿ ಎರಡು ಹಂತದ ಪರಿಶೀಲನೆಯ ಆರು ಅಂಕಿಯ ಪಿನ್ ಇಟ್ಟು, ಜೋಡಿಸಿದ ಸಾಧನಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಬೇಕು.

ರೂಟರಿನ ಕಥೆಯೂ ಬೇರೆಯಲ್ಲ. ಒಂದು ಓಣಿಯ ಹಲವು ಮನೆಗಳಿಗೆ ಒಬ್ಬನೇ ಸಂಪರ್ಕ ಕೊಟ್ಟಿದ್ದರೆ ವೈಫೈ ಪಾಸ್‌ವರ್ಡುಗಳಲ್ಲಿ ಒಂದು ಸರಣಿ ಕಾಣುತ್ತದೆ: ಮನೆಯ ಯಜಮಾನರ ಮೊಬೈಲ್ ಸಂಖ್ಯೆ, ಇಲ್ಲವೇ ಒಂದರಿಂದ ಎಂಟರವರೆಗಿನ ಅಂಕಿಗಳು. ಅದಕ್ಕಿಂತ ಮುಖ್ಯವಾದುದು ರೂಟರಿನ ಆಡಳಿತದ ಪಾಸ್‌ವರ್ಡು, ಅಂದರೆ ರೂಟರನ್ನೇ ಬದಲಾಯಿಸುವ ಅಧಿಕಾರ ಕೊಡುವ ಪಾಸ್‌ವರ್ಡು. ವೈಫೈ ಪಾಸ್‌ವರ್ಡಿನ ಹೊರತಾಗಿ ಇನ್ನೊಂದು ಇದೆ ಎಂಬುದೇ ಹೆಚ್ಚಿನ ಮನೆಗಳಿಗೆ ತಿಳಿದಿಲ್ಲ, ಹಾಗಾಗಿ ಅದು ಕಾರ್ಖಾನೆಯಿಂದ ಬಂದಂತೆಯೇ ಉಳಿದಿರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ರೂಟರ್, ಸಿಸಿಟಿವಿ ಕ್ಯಾಮೆರಾ ಮತ್ತು ಅವುಗಳ ರೆಕಾರ್ಡರುಗಳನ್ನು ವಶಪಡಿಸಿಕೊಂಡದ್ದು ಇಂಥ ಕಾರ್ಖಾನೆಯ ಪಾಸ್‌ವರ್ಡುಗಳ ಒಂದು ಚಿಕ್ಕ ಪಟ್ಟಿಯಿಂದ; ಆ ವರ್ಷದ ಅಕ್ಟೋಬರಿನಲ್ಲಿ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ಅವುಗಳಿಂದ ದಾಳಿ ನಡೆದು ಟ್ವಿಟರ್‌ನಂಥ ದೊಡ್ಡ ತಾಣಗಳೇ ಕೆಲ ಹೊತ್ತು ಸಿಗದಂತಾದವು. ಕ್ಯಾಮೆರಾಗಳ ಮಾಲೀಕರಿಗೆ ಅದು ಗೊತ್ತಾಗಲೂ ಇಲ್ಲ. ಸೇಡಂ ರಸ್ತೆಯ ಬಡಾವಣೆಗಳಲ್ಲಿ ಈಗ ಬಾಗಿಲು ಬಾಗಿಲಿಗೆ ಕ್ಯಾಮೆರಾ ಇದೆ; ಅದನ್ನು ಕೂಡಿಸಿದವನ ಮೊಬೈಲಿನಲ್ಲೂ ನಿಮ್ಮ ಅಂಗಳ ಕಾಣುತ್ತಿದೆಯೇ ಎಂದು ಅವನನ್ನು ಕರೆಸಿ ಕೇಳುವುದರಲ್ಲಿ ಸಂಕೋಚಪಡುವ ಕಾರಣವಿಲ್ಲ. ರೂಟರಿನಲ್ಲಿ ವೈಫೈ ಭದ್ರತೆಯ ವಿಧಾನವಾಗಿ ಡಬ್ಲ್ಯುಪಿಎ2 (WPA2) ಅಥವಾ ಡಬ್ಲ್ಯುಪಿಎ3 (WPA3) ಆಯ್ಕೆಯಾಗಿರಬೇಕು, ಹೊರಗಿನಿಂದ ರೂಟರನ್ನು ನಿರ್ವಹಿಸುವ ಸೌಲಭ್ಯ (ರಿಮೋಟ್ ಮ್ಯಾನೇಜ್‌ಮೆಂಟ್) ಬಂದ್ ಇರಬೇಕು. ಸಂಪರ್ಕ ಕೊಟ್ಟವರಿಗೇ ಅದರ ಅಗತ್ಯವಿದ್ದರೆ ಏಕೆ ಎಂದು ಅವರಿಂದ ತಿಳಿದುಕೊಳ್ಳಿ.

ಇಷ್ಟೆಲ್ಲ ಭದ್ರವಾಗಿದ್ದರೂ ಮನೆಯವರೇ ಕರೆದು ಒಳಗೆ ಬಿಟ್ಟುಕೊಂಡರೆ ಪ್ರಯೋಜನವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ ಎಂದೋ, ಪಿಎಂ ಕಿಸಾನ್ ಎಂದೋ, ವಾಹನದ ದಂಡದ ಚಲನ್ ಎಂದೋ ಬರುವ ಕಡತದ ಹೆಸರಿನ ಕೊನೆಗೆ ಎಪಿಕೆ (.apk) ಎಂದಿದ್ದರೆ ಅದು ಫೋಟೊವೂ ಅಲ್ಲ, ಪಿಡಿಎಫ್ಫೂ ಅಲ್ಲ. ಅದು ಒಂದು ಆ್ಯಪ್. ಅದನ್ನು ಹಾಕಿಕೊಂಡು, ಕೇಳಿದಾಗಲೆಲ್ಲ ಒಪ್ಪಿಗೆ ಒತ್ತಿದರೆ, ಫೋನಿಗೆ ಬರುವ ಸಂದೇಶಗಳನ್ನು ಓದುವ ಅಧಿಕಾರ ಅದಕ್ಕೆ ಸಿಗುತ್ತದೆ. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಉಪದೇಶ ಅಲ್ಲಿಗೆ ನಿರುಪಯೋಗವಾಗುತ್ತದೆ, ಏಕೆಂದರೆ ಓಟಿಪಿಯನ್ನು ನೀವು ಹೇಳುವ ಅಗತ್ಯವೇ ಉಳಿದಿರುವುದಿಲ್ಲ. ಇಂಥ ಕಡತ ಎಷ್ಟೋ ಸಲ ಪರಿಚಯದವರ ಸಂಖ್ಯೆಯಿಂದಲೇ ಬರುತ್ತದೆ ಎಂಬುದನ್ನು ವಿಶೇಷವಾಗಿ ನೆನಪಿಡಬೇಕು. ಮೊದಲು ಅವರ ಫೋನು ಸಿಕ್ಕಿಬಿದ್ದಿರುತ್ತದೆ, ಅದೇ ಮುಂದೆ ಎಲ್ಲರಿಗೂ ಕಳಿಸುತ್ತದೆ. ಅಪರಿಚಿತ ಮೂಲಗಳಿಂದ ಆ್ಯಪ್ ಹಾಕಲು ವಾಟ್ಸ್‌ಆ್ಯಪ್‌ಗೂ ಬ್ರೌಸರಿಗೂ ಇರುವ ಅನುಮತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಬಂದ್ ಮಾಡಿದರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಹಿರಿಯರಿರುವ ಮನೆಗಳಲ್ಲಿ ನಾನು ತಪ್ಪದೆ ಮಾಡಿಸುವ ಕೆಲಸವಿದು.

ಕರೆಗಳ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿಯೊಂದಿದೆ. ಕಲಬುರಗಿ, ಬೀದರ್, ಯಾದಗಿರಿಯ ಜನ ಕನ್ನಡದ ಜತೆಗೆ ದಖನಿಯನ್ನೂ ಹಿಂದಿಯನ್ನೂ ಸಲೀಸಾಗಿ ಅರ್ಥಮಾಡಿಕೊಳ್ಳುತ್ತಾರೆ. ಹಿಂದಿಯಲ್ಲಿ, ಅದೂ ಅಧಿಕಾರದ ಧಾಟಿಯಲ್ಲಿ, ದಿಲ್ಲಿಯಿಂದಲೋ ಮುಂಬೈಯಿಂದಲೋ ಮಾತಾಡುತ್ತಿದ್ದೇನೆ ಎಂದರೆ ಅದು ಸರಕಾರದ ದನಿಯಾಗಿಯೇ ಕೇಳಿಸುತ್ತದೆ. ಎದುರು ಮಾತಾಡಲು ಮನಸ್ಸು ಹಿಂಜರಿಯುತ್ತದೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕರೆ ಕಡಿಯಬೇಡಿ, ಯಾರಿಗೂ ಹೇಳಬೇಡಿ ಎನ್ನುವ 'ಡಿಜಿಟಲ್ ಅರೆಸ್ಟ್' ನಿಂತಿರುವುದು ಇಂಥ ಹಿಂಜರಿಕೆಯ ಮೇಲೆ. ಭಾರತದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಆಕಾಶವಾಣಿಯ ತಮ್ಮ ಮಾತಿನಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಯಾರಿಗೂ ಹೇಳಬೇಡಿ ಎಂದು ಎದುರಿನವರು ಒತ್ತಾಯಿಸಿದ ಕ್ಷಣವೇ ಕರೆ ಕಡಿದು, ಮನೆಯ ಮತ್ತೊಬ್ಬರನ್ನು ಕೂಗಿ ಕರೆಯಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ನೆರೆಯವರಾದರೂ ಆದೀತು.

ಯುಪಿಐ ಬಗ್ಗೆ ಒಂದೇ ಮಾತು: ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದಿಲ್ಲ. ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸುವ ಕಷ್ಟವೂ ಬೇಡ; ಕಾರಣವಿಲ್ಲದೆ ಬದಲಿಸುವ ನಿಯಮ ಹೇರಬಾರದೆಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಉದ್ದವಾದ, ಖಾತೆಗೊಂದರಂತೆ ಬೇರೆಯಾದ ಪಾಸ್‌ವರ್ಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕಪಾಟಿನಲ್ಲಿ ಇಡುವುದರಿಂದ ಮನೆಯ ಬಳಕೆದಾರರಿಗೆ ಹಾನಿಗಿಂತ ಅನುಕೂಲವೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಪುಟದ ಫೋಟೊ ತೆಗೆದು ಫೋನಿನಲ್ಲಿ ಇಡಬಾರದು.

ಬೆರಳಚ್ಚಿನಿಂದ ಹಣ ತೆಗೆಯುವ ಆಧಾರ್ ಪಾವತಿ ವ್ಯವಸ್ಥೆಯ ದುರ್ಬಳಕೆ ತಡೆಯಲು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ. ಇದನ್ನು ಎಲ್ಲರಿಗೂ ಕಣ್ಣುಮುಚ್ಚಿ ಸೂಚಿಸುವವರೊಡನೆ ನನಗೆ ಸಹಮತವಿಲ್ಲ. ಲಾಕ್ ಇದ್ದಾಗ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟರೂ ಯಂತ್ರ ಒಪ್ಪುವುದಿಲ್ಲ. ತಾತ್ಕಾಲಿಕವಾಗಿ ತೆರೆಯುವುದು ಹೇಗೆಂದು ಹೇಳಿಕೊಡದೆ ಹಳ್ಳಿಯ ಅಜ್ಜಿಯ ಆಧಾರ್ ಲಾಕ್ ಮಾಡಿಟ್ಟರೆ ಆಕೆಯ ಪಡಿತರವೇ ನಿಲ್ಲಬಹುದು. ಮಾಡುವುದಾದರೆ ತೆರೆಯುವುದನ್ನೂ ಕಲಿಸಿಯೇ ಮಾಡಬೇಕು.

ಇಷ್ಟಾದರೂ ಹಣ ಹೋಗುವುದುಂಟು. ಆಗ ಹೆಚ್ಚಿನ ನಷ್ಟವಾಗುವುದು ನಾಚಿಕೆಯಿಂದ. ಮಗನಿಗೆ ತಿಳಿದರೆ ಬೈದಾನು, ಬೀಗರ ಕಿವಿಗೆ ಬಿದ್ದರೆ ಮರ್ಯಾದೆ ಹೋದೀತು ಎಂದು ಎರಡು ದಿನ ಸುಮ್ಮನಿದ್ದವರನ್ನು ಕಂಡಿದ್ದೇನೆ. ಅಷ್ಟರಲ್ಲಿ ಹಣ ಹಲವು ಖಾತೆಗಳನ್ನು ದಾಟಿರುತ್ತದೆ. ದೂರದ ಊರಿನಲ್ಲಿರುವ ಮಕ್ಕಳು ತಂದೆತಾಯಿಗೆ ಮೊದಲೇ ಹೇಳಿಡಬೇಕಾದ ಮಾತು, ಏನೇ ಆದರೂ ನಾನು ಬೈಯುವುದಿಲ್ಲ, ತಕ್ಷಣ ತಿಳಿಸಿ ಎಂಬುದು. ಕಳ್ಳ ಆ್ಯಪ್ ಸೇರಿದ ಅನುಮಾನವಿದ್ದರೆ ಆ ಫೋನಿನ ಇಂಟರ್‌ನೆಟ್ ಕಡಿದು, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಬೇಕು ಮತ್ತು ಬ್ಯಾಂಕಿಗೆ ತಿಳಿಸಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ನಡೆದ ಅನಧಿಕೃತ ವ್ಯವಹಾರವನ್ನು ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಬರುವುದಿಲ್ಲ. ಗ್ರಾಹಕನೇ ಪಿನ್ ಕೊಟ್ಟಿದ್ದ ಪ್ರಕರಣದಲ್ಲಿಯೂ, ದೂರು ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು. ಆದ್ದರಿಂದ ಸಂದೇಶಗಳನ್ನು ಅಳಿಸದೆ, ವ್ಯವಹಾರದ ಯುಟಿಆರ್ ಸಂಖ್ಯೆ (ಪ್ರತಿ ಹಣ ವರ್ಗಾವಣೆಗೂ ಇರುವ ಗುರುತಿನ ಸಂಖ್ಯೆ) ಮತ್ತು 1930ರಿಂದ ಸಿಕ್ಕ ದೂರಿನ ಸಂಖ್ಯೆ ಎರಡನ್ನೂ ನಮೂದಿಸಿ ಬ್ಯಾಂಕಿಗೆ ಲಿಖಿತ ಅರ್ಜಿ ಕೊಡಬೇಕು, ಅದರ ನಕಲಿನ ಮೇಲೆ ದಿನಾಂಕ ಸಹಿತ ಬ್ಯಾಂಕಿನ ಮುದ್ರೆ ಹಾಕಿಸಿಕೊಳ್ಳಬೇಕು.