ಅಬಿಸ್ಕೋಗೆ ಹೋಗೋದು ಡಿಸೆಂಬರ್‌ನಲ್ಲಾ, ಮಾರ್ಚ್‌ನಲ್ಲಾ?

ಪ್ರಶ್ನೆ: ಮಕ್ಕಳ ಕ್ರಿಸ್‌ಮಸ್ ರಜೆಯಲ್ಲಿ ಸ್ವೀಡನ್ನಿನ ಅಬಿಸ್ಕೋಗೆ ಹೋಗಿ ನಾರ್ದರ್ನ್ ಲೈಟ್ಸ್ ನೋಡಿ ಬರೋಣ ಅಂತಿದ್ದೇವೆ. ಡಿಸೆಂಬರ್ ಸರಿಯಾದ ಸಮಯವೇ?

ಉತ್ತರ: ಹೋಗಬಹುದು. ಆದರೆ ನನ್ನನ್ನು ಕೇಳಿದರೆ ಮಾರ್ಚ್‌ಗೆ ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ, ಅದರಲ್ಲೂ ಜೊತೆಗೆ ಮಕ್ಕಳಿದ್ದರೆ.

ಡಿಸೆಂಬರ್‌ನಲ್ಲಿ ರಾತ್ರಿ ಉದ್ದ, ಹಾಗಾಗಿ ಅರೋರಾ, ಅಂದರೆ ಈ ನಾರ್ದರ್ನ್ ಲೈಟ್ಸ್, ಜಾಸ್ತಿ ಕಾಣುತ್ತದೆ ಅನ್ನೋದು ಎಲ್ಲರ ಲೆಕ್ಕ. ರಾತ್ರಿ ಉದ್ದ ನಿಜ. ಅಬಿಸ್ಕೋ ಇರುವುದು ಆರ್ಕ್ಟಿಕ್ ವೃತ್ತಕ್ಕಿಂತ 200 ಕಿಲೋಮೀಟರ್ ಉತ್ತರಕ್ಕೆ. ಅಲ್ಲಿ ಡಿಸೆಂಬರ್ ಮೊದಲ ವಾರ ಮುಳುಗಿದ ಸೂರ್ಯ ಮತ್ತೆ ತಲೆ ಎತ್ತುವುದು ಜನವರಿಯಲ್ಲಿ. ನಡು ಮಧ್ಯಾಹ್ನದ ಆಸುಪಾಸು ಮೂರ್ನಾಲ್ಕು ಗಂಟೆಗಳ ಕಾಲ ಒಂದು ನೀಲಿ ಬೆಳಕು ಇರುತ್ತದೆ, ತುಂಬಾ ಚೆಂದ, ಆಮೇಲೆ ಕತ್ತಲು. ಆದರೆ ಅರೋರಾ ಜೋರಾಗಿ ಆಡುವುದು ಸಾಮಾನ್ಯವಾಗಿ ರಾತ್ರಿ ಒಂಬತ್ತರಿಂದ ಒಂದರ ಒಳಗೆ. ಆ ಹೊತ್ತಿಗೆ ಮಾರ್ಚ್‌ನಲ್ಲೂ ಕತ್ತಲೇ ಅಲ್ವಾ? ಅಂದರೆ ಡಿಸೆಂಬರ್‌ಗೆ ಹೋದರೆ ನಿಮಗೆ ಸಿಗುವ ಹೆಚ್ಚಿನ ಕತ್ತಲು ಮಧ್ಯಾಹ್ನ ಮೂರು ಗಂಟೆಯದ್ದು. ಅದರಿಂದ ಅಷ್ಟೇನೂ ಲಾಭವಿಲ್ಲ. ಇನ್ನೊಂದು ವಿಷಯ: ಹಗಲು ರಾತ್ರಿ ಸಮ ಆಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ಅರೋರಾ ಹುಟ್ಟಿಸುವ, ಸೂರ್ಯನಿಂದ ಬರುವ ಕಣಗಳ ಗಾಳಿಗೆ ಭೂಮಿಯ ಕಾಂತಕ್ಷೇತ್ರ ಸುಲಭವಾಗಿ ದಾರಿ ಬಿಡುತ್ತದೆ. ಹಾಗಾಗಿ ಅರೋರಾ ಚುರುಕಾಗಿರುವುದೂ ಆಗಲೇ.

ಅಷ್ಟಕ್ಕೂ ಅರೋರಾದ ಶತ್ರು ಬೆಳಕಲ್ಲ, ಮೋಡ. ಜನ ಅಬಿಸ್ಕೋವನ್ನೇ ಹುಡುಕಿಕೊಂಡು ಹೋಗುವುದು ಇದಕ್ಕೇ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಆಗುಂಬೆಯಲ್ಲಿ ಸುರಿದ ಮಳೆ ಚಳ್ಳಕೆರೆ ತನಕ ಬರುವುದಿಲ್ಲ, ಘಟ್ಟ ತಡೆಯುತ್ತದೆ. ಅಲ್ಲೂ ಹಾಗೇ. ಅಟ್ಲಾಂಟಿಕ್ ಕಡೆಯಿಂದ ಬರುವ ಒದ್ದೆ ಗಾಳಿ ನಾರ್ವೆ ಗಡಿಯ ಬೆಟ್ಟಗಳ ಮೇಲೆ ಹಿಮ ಸುರಿಸಿ ಹಗುರಾಗಿ ಈಚೆ ಇಳಿಯುತ್ತದೆ. ಅಬಿಸ್ಕೋಗೆ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲಾ ಸೇರಿ 300 ಮಿಲಿಮೀಟರ್ ಆಸುಪಾಸು, ಇಡೀ ಸ್ವೀಡನ್ನಿನಲ್ಲೇ ಅತಿ ಕಡಿಮೆ ಬೀಳುವ ಜಾಗಗಳಲ್ಲಿ ಅದೂ ಒಂದು. ಸುತ್ತ ಮೋಡ ಕವಿದಿದ್ದರೂ ಊರ ಪಕ್ಕದ ಟೋರ್ನೆಟ್ರೆಸ್ಕ್ ಸರೋವರದ ಮೇಲೆ ಒಂದು ತುಂಡು ಆಕಾಶ ತೆರೆದಿರುವುದುಂಟು. ಅಲ್ಲಿಯವರು ಅದನ್ನು ನೀಲಿ ತೂತು ಅನ್ನುತ್ತಾರೆ. ಹಾಗಂತ ಒಂದೇ ರಾತ್ರಿಗೆ ಹೋಗಬೇಡಿ. ನಾಲ್ಕು ರಾತ್ರಿಯಾದರೂ ಇರಲಿ.

ಇನ್ನು ಹಗಲು. ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ಅರೋರಾ ಕಾಣುವುದು ಕೆಲವು ನಿಮಿಷ, ಹೆಚ್ಚೆಂದರೆ ಗಂಟೆ. ಉಳಿದ ಹೊತ್ತು ಮಕ್ಕಳು ಏನು ಮಾಡಬೇಕು? ಮಾರ್ಚ್ ಮಧ್ಯಕ್ಕೆ ಹನ್ನೆರಡು ಗಂಟೆ ಬೆಳಕಿರುತ್ತದೆ. ಹಿಮ ಹಾಗೇ ಇರುತ್ತದೆ, 70 ಕಿಲೋಮೀಟರ್ ಉದ್ದದ ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಅದರ ಮೇಲೆ ನಡೆಯಬಹುದು, ನಾಯಿಗಳು ಎಳೆಯುವ ಜಾರುಬಂಡಿ ಹತ್ತಬಹುದು. ಎದುರಿಗೆ ಲಾಪ್ಪೋರ್ಟನ್ ಕಣಿವೆ, ಎರಡು ಬೆಟ್ಟಗಳ ನಡುವೆ ಯಾರೋ ದೊಡ್ಡ ಸೌಟಿನಲ್ಲಿ ತೋಡಿ ತೆಗೆದಂತೆ ಕಾಣುತ್ತದೆ. ದಾರಿಯಲ್ಲಿ ಹಿಮಸಾರಂಗ ಸಿಕ್ಕರೆ ದೂರದಿಂದಲೇ ನೋಡಿ, ಓಡಿಸಬೇಡಿ. ಅವು ಕಾಡುಪ್ರಾಣಿಗಳಲ್ಲ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರು ಸಾಕಿದವು. ಅವರನ್ನು ಎಷ್ಟು ಹಿಮಸಾರಂಗ ಇವೆ ಅಂತ ಕೇಳುವುದೂ ತಪ್ಪು, ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ.

ಶಾಲೆ ಇದೆಯಲ್ಲ ಅನ್ನುತ್ತೀರಿ, ಗೊತ್ತು. ಚಿಕ್ಕ ಕ್ಲಾಸಿನ ಮಕ್ಕಳಾದರೆ ಪರೀಕ್ಷೆ ಮುಗಿದ ಮೇಲೆ, ಮಾರ್ಚ್ ಕೊನೆಗೆ ಹೊರಡಿ. ಆ ತಿಂಗಳ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಮೇಲೆ ಸರಿಯಾಗಿ ಕತ್ತಲಾಗಲು ರಾತ್ರಿ ಒಂಬತ್ತು ದಾಟುತ್ತದೆ. ಏಪ್ರಿಲ್ ಮಧ್ಯಕ್ಕೆ ರಾತ್ರಿಯೇ ತೆಳುವಾಗಿಬಿಡುತ್ತದೆ, ಅಷ್ಟು ತಡ ಮಾಡಬೇಡಿ. ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಡಿಸೆಂಬರ್ ಬಿಟ್ಟು ಬೇರೆ ದಾರಿಯಿಲ್ಲ. ಹಾಗಾದರೆ ಹೋಟೆಲ್ ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ, 24, 25ಕ್ಕೆ ಊಟ ಸಿಗುತ್ತದಾ, ಜಾರುಬಂಡಿ ಇರುತ್ತದಾ ಅಂತ.

ಸ್ಟಾಕ್‌ಹೋಮ್‌ನಿಂದ ಅಬಿಸ್ಕೋ ಹತ್ತಿರದ ಪಟ್ಟಣ ಕಿರುನಾಗೆ ವಿಮಾನವಿದೆ, ಒಂದೂವರೆ ಗಂಟೆ. ಅಲ್ಲಿಂದ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ನನಗೆ ಇಷ್ಟ ರಾತ್ರಿ ರೈಲು. ಸ್ಟಾಕ್‌ಹೋಮ್‌ನಲ್ಲಿ ಸಂಜೆ ಹತ್ತಿ ಮಲಗಿದರೆ ಮಾರನೇ ದಿನ ಅಬಿಸ್ಕೋದಲ್ಲೇ ಇಳಿಯಬಹುದು. ಆದರೆ ಅದು ಮೂಲತಃ ಕಿರುನಾದ ಕಬ್ಬಿಣದ ಅದಿರು ಸಾಗಿಸುವ ಹಳಿ. 2023ರ ಡಿಸೆಂಬರ್‌ನಲ್ಲಿ ಅದಿರಿನ ಗಾಡಿ ಹಳಿ ತಪ್ಪಿ ವಾರಗಟ್ಟಲೆ ಸಂಚಾರ ನಿಂತುಹೋಗಿತ್ತು. ವಾಪಸ್ ಬರುವಾಗ ಸ್ಟಾಕ್‌ಹೋಮ್‌ನಲ್ಲಿ ಒಂದು ದಿನ ಕೈಯಲ್ಲಿಟ್ಟುಕೊಂಡೇ ಬೆಂಗಳೂರಿನ ಟಿಕೆಟ್ ಮಾಡಿ. ಷೆಂಗೆನ್ ವೀಸಾಗೆ (ಸ್ವೀಡನ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೇ ಗಳಿಗೆವರೆಗೆ ಕಾಯಬೇಡಿ.

ಊರು ಬಹಳ ಸಣ್ಣದು. ಸಸ್ಯಾಹಾರಿಗಳು ಅಡುಗೆಮನೆ ಇರುವ ಕೋಣೆಯನ್ನೇ ಹಿಡಿಯಿರಿ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಪುಡಿ ತೆಗೆದುಕೊಂಡು ಹೋಗಿ, ಅಕ್ಕಿ ಸ್ಟಾಕ್‌ಹೋಮ್‌ನಲ್ಲೇ ಸಿಗುತ್ತದೆ. ತುಪ್ಪ, ಧಾರವಾಡ ಪೇಡ ಮಾತ್ರ ಬೇಡ, ಹೊರದೇಶದ ಹಾಲಿನ ಪದಾರ್ಥವನ್ನು ಯುರೋಪಿನ ಒಳಗೆ ತರಲು ಬಿಡುವುದಿಲ್ಲ.

ಬಟ್ಟೆ ವಿಷಯದಲ್ಲಿ ಒಂದೇ ಮಾತು: ಮೈಗೆ ತಾಗುವ ಬಟ್ಟೆ ಉಣ್ಣೆಯದ್ದಾಗಿರಲಿ, ಹತ್ತಿ ಬೇಡ. ಹತ್ತಿ ಬೆವರು ಕುಡಿದು ಮೈಮೇಲೇ ತಣ್ಣಗಾಗುತ್ತದೆ. ಚಳಿ ಸಾಮಾನ್ಯವಾಗಿ ಮೈನಸ್ 10ರ ಸುಮಾರು, ಒಮ್ಮೊಮ್ಮೆ ಮೈನಸ್ 30. ಬೂಟು ಒಂದು ಸೈಜು ದೊಡ್ಡದಿರಲಿ, ದಪ್ಪ ಸಾಕ್ಸ್ ಹಾಕಿದ ಮೇಲೂ ಬೆರಳು ಆಡಬೇಕು. ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ.

ಅರೋರಾ ಮೊದಲು ಬರುವುದು ಹಸಿರಾಗಿ ಅಲ್ಲ. ಬೆಟ್ಟದ ಮೇಲೆ ಬೂದು ಬಣ್ಣದ ಮೋಡದ ಗೆರೆ ಎಳೆದಂತೆ ಇರುತ್ತದೆ, ಸುಮಾರು ಜನ ಅದನ್ನು ಮೋಡ ಅಂದುಕೊಂಡೇ ಒಳಗೆ ಹೋಗಿಬಿಡುತ್ತಾರೆ. ಅನುಮಾನ ಬಂದರೆ ಫೋನ್‌ನಲ್ಲಿ ನೈಟ್ ಮೋಡ್ ಹಾಕಿ ಒಂದು ಫೋಟೋ ತೆಗೆಯಿರಿ, ಹಸಿರು ಕಂಡರೆ ಅದೇ. ಆಮೇಲೆ ಅದು ಯಾವಾಗ ಬೇಕಾದರೂ ಎದ್ದು ಕುಣಿಯಬಹುದು, ಮಕ್ಕಳಿಗೆ ಐದು ಪದರ ಬಟ್ಟೆ ಹಾಕುವಷ್ಟರಲ್ಲಿ ಮುಗಿದೂ ಹೋಗಬಹುದು. ಅದಕ್ಕೇ ಅವರನ್ನು ಉಣ್ಣೆಯ ಒಳಬಟ್ಟೆಯಲ್ಲೇ ಮಲಗಿಸಿ, ಸಾಕ್ಸ್ ಕಾಲಲ್ಲೇ ಇರಲಿ. ಎಬ್ಬಿಸಿದ ಕೂಡಲೇ ಮೇಲೊಂದು ಸ್ನೋ ಸೂಟ್, ಬೂಟು, ಟೋಪಿ, ಕೈಗವಸು. ಎರಡು ನಿಮಿಷದಲ್ಲಿ ಹೊರಗೆ.