ಕ್ಯಾಬಿನ್ ಕ್ರೂ ನಿದ್ದೆಯ ಲೆಕ್ಕ: ಹಾಸಿಗೆ ಕೆಟ್ಟಷ್ಟೂ ಗಂಟೆ ಜಾಸ್ತಿ

ಕ್ಯಾಬಿನ್ ಕ್ರೂ, ಅಂದರೆ ವಿಮಾನದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಸಿಬ್ಬಂದಿ, ಎಷ್ಟು ಮಲಗಬೇಕು ಅನ್ನೋ ಪಾಠದಲ್ಲಿ ನಾನು ಮೊದಲು ಎಡವಿದ್ದೇ ‘ರೆಸ್ಟ್’ ಅನ್ನೋ ಪದದಲ್ಲಿ. ಒಂದು ಡ್ಯೂಟಿ ಮುಗಿದು ಇನ್ನೊಂದು ಶುರುವಾಗುವ ತನಕ ನೆಲದ ಮೇಲೆ ಸಿಗುವ ಬಿಡುವೂ ರೆಸ್ಟೇ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 2022ರಲ್ಲಿ 9ರಿಂದ 10 ಗಂಟೆಗೆ ಏರಿಸಿದ್ದು ಇದನ್ನು. ವಿಮಾನ ಹಾರುತ್ತಿರುವಾಗಲೇ ಪಾಳಿ ಪ್ರಕಾರ ಹೋಗಿ ಮಲಗುವುದು ಬೇರೆ. ಇಲ್ಲಿ ಬರೆದಿರುವುದು ಅದರ ಬಗ್ಗೆ, ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ ನಿಯಮ ಇಟ್ಟುಕೊಂಡು.

ಮೊದಲು ಗಡಿಯಾರ ಎಲ್ಲಿಂದ ಶುರು ಅಂತ ನೋಡಿ. ವಿಮಾನ ಏರಿದಾಗಿನಿಂದ ಅಲ್ಲ, ನೀವು ಡ್ಯೂಟಿಗೆ ರಿಪೋರ್ಟ್ ಮಾಡಿದ ಕ್ಷಣದಿಂದ. ಇಳಿದು, ನಿಂತು, ಇಂಜಿನ್ ಆಫ್ ಆಗುವ ತನಕ ಎಣಿಸಬೇಕು. ಇದಕ್ಕೆ ಎಫ್‌ಡಿಪಿ (ಫ್ಲೈಟ್ ಡ್ಯೂಟಿ ಪೀರಿಯಡ್, ಹಾರಾಟದ ಡ್ಯೂಟಿಯ ಒಟ್ಟು ಅವಧಿ) ಅನ್ನುತ್ತಾರೆ.

ಮಲಗುವ ಜಾಗದಲ್ಲಿ ಮೂರು ದರ್ಜೆ. ಕ್ಲಾಸ್ 1 ಅಂದರೆ ಬಂಕ್: ಪ್ರಯಾಣಿಕರಿಂದ ಬೇರೆಯಾದ ಜಾಗ, ಬೆಳಕನ್ನು ನಾವೇ ಕಡಿಮೆ ಮಾಡಿಕೊಳ್ಳಬಹುದು, ಸದ್ದೂ ಕಮ್ಮಿ. ಕ್ಲಾಸ್ 2 ಚೆನ್ನಾಗಿ ಹಿಂದಕ್ಕೆ ಬಾಗುವ ಅಗಲದ ಸೀಟು, ಸುತ್ತ ಪರದೆ. ಕ್ಲಾಸ್ 3 ಕನಿಷ್ಠ 40 ಡಿಗ್ರಿ ಬಾಗುವ, ಕಾಲಿಗೆ ಆಸರೆ ಇರುವ ಸೀಟು. ಅದಕ್ಕೂ ಪರದೆ ಬೇಕು, ಪಕ್ಕದಲ್ಲಿ ಪ್ರಯಾಣಿಕರು ಕೂತಿರಬಾರದು. ಅಂದಮೇಲೆ ಮಾಮೂಲಿ ಎಕಾನಮಿ ಸೀಟು ಲೆಕ್ಕಕ್ಕೇ ಇಲ್ಲ.

ಈಗ ಯಾವ ದರ್ಜೆಗೆ ಎಷ್ಟು ಬಿಡುವು ಅಂತ ಹೇಳುವ ನಿಯಮದ ಟೇಬಲ್. ಬೆಳಿಗ್ಗೆ 6ಕ್ಕೆ ರಿಪೋರ್ಟ್ ಮಾಡಿದಿರಿ, ರಾತ್ರಿ 9:15ಕ್ಕೆ ಇಂಜಿನ್ ಆಫ್ ಅಂತಿಟ್ಟುಕೊಳ್ಳಿ. ಎಫ್‌ಡಿಪಿ 15 ಗಂಟೆ 15 ನಿಮಿಷ. ಬಂಕ್ ಇದ್ದರೆ ಪ್ರತಿಯೊಬ್ಬರಿಗೂ ಕನಿಷ್ಠ 2 ಗಂಟೆ ಕೊಡಬೇಕು. ಕ್ಲಾಸ್ 2 ಆದರೆ 2 ಗಂಟೆ 20 ನಿಮಿಷ, ಕ್ಲಾಸ್ 3 ಆದರೆ 2 ಗಂಟೆ 40 ನಿಮಿಷ. ಸುಮ್ನೆ ಓದಿದರೆ ಉಲ್ಟಾ ಅನ್ನಿಸುತ್ತದೆ. ಆದರೆ ಅರೆಬರೆ ಒರಗಿದ ನಿದ್ದೆಗೂ ಕಾಲು ಚಾಚಿದ ನಿದ್ದೆಗೂ ಎಷ್ಟು ವ್ಯತ್ಯಾಸ ಅಂತ ರಾತ್ರಿ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಅಲ್ವಾ? ಆ ಕೊರತೆಯನ್ನು ನಿಯಮ ಸಮಯ ಕೊಟ್ಟು ತುಂಬುತ್ತದೆ.

ತುಂಬುವುದಕ್ಕೂ ಒಂದು ಮಿತಿ ಇದೆ. ಎಫ್‌ಡಿಪಿ 16 ಗಂಟೆ ದಾಟಿದರೆ ಕ್ಲಾಸ್ 3 ಹೋಯಿತು. 17 ದಾಟಿದರೆ ಕ್ಲಾಸ್ 2 ಕೂಡ ಇಲ್ಲ, ಬಂಕೇ ಬೇಕು. 18ಕ್ಕೆ ಟೇಬಲ್ ಮುಗಿಯುತ್ತದೆ. 2021ರ ಜನವರಿಯಲ್ಲಿ ಶುರುವಾದ ಏರ್ ಇಂಡಿಯಾದ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನಾನ್‌ಸ್ಟಾಪ್ ನೆನಪಿದೆಯಾ? ಹಾರಾಟವೇ ಸುಮಾರು 17 ಗಂಟೆ. ಅದಕ್ಕೆ ಅನ್ವಯಿಸುವುದು ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ, ಈ ಟೇಬಲ್ ಅಲ್ಲ. ಆದರೂ ರಿಪೋರ್ಟಿಂಗ್ ಸಮಯ ಸೇರಿಸಿ ಒಮ್ಮೆ ಇದರಲ್ಲಿ ಹಾಕಿ ನೋಡಿ, ಅಂಚಿಗೇ ಬಂದು ನಿಲ್ಲುತ್ತದೆ.

ಇವೆಲ್ಲ ಕನಿಷ್ಠ ಅಂಕಿಗಳು, ಮರೆಯಬೇಡಿ. ಮೊದಲ ಊಟ ಮುಗಿದ ಮೇಲಿನಿಂದ ಇಳಿಯುವ ಮುಂಚಿನ ಊಟದ ತನಕ ಸಿಗುವ ಸಮಯವನ್ನು ಸಾಮಾನ್ಯವಾಗಿ ಎರಡು ಪಾಳಿಗೆ ಹಂಚುತ್ತಾರೆ. 9 ಗಂಟೆ ಉಳಿದರೆ ತಲಾ ನಾಲ್ಕೂವರೆ ಬರಬೇಕು. ಬಟ್ಟೆ ಬದಲಾಯಿಸುವುದು, ಪಾಳಿ ಒಪ್ಪಿಸುವುದು ಎಲ್ಲ ಅದರೊಳಗೇ ಆಗಬೇಕಲ್ಲ, ಅಷ್ಟು ನಿದ್ದೆ ಕೈಗೆ ಹತ್ತುವುದಿಲ್ಲ.

ಬಂಕ್ ಎಲ್ಲಿರುತ್ತದೆ? ಬೋಯಿಂಗ್ 787ರಲ್ಲಿ ಪ್ರಯಾಣಿಕರ ಕ್ಯಾಬಿನ್ನಿನ ಹಿಂಭಾಗದಲ್ಲಿ, ಒಳಚಾವಣಿಯ ಮೇಲೆ. ಕಿರಿದಾದ ಬಾಗಿಲು, ಕಡಿದಾದ ಮೆಟ್ಟಿಲು, ಮೇಲೆ ಸಾಲಾಗಿ ಹಾಸಿಗೆ. ಎದ್ದು ನೆಟ್ಟಗೆ ಕೂರುವುದೂ ಕಷ್ಟ. ಕೆಲವು ಏರ್‌ಬಸ್ 330ಗಳಲ್ಲಿ ಇದು ಕೆಳಗೆ, ಸರಕು ತುಂಬುವ ಅಂತಸ್ತಿನಲ್ಲಿ. ಎಲ್ಲಿದ್ದರೂ ಬೆಲ್ಟ್, ಆಮ್ಲಜನಕದ ಮಾಸ್ಕ್, ಹೊಗೆ ಪತ್ತೆಯ ಸಾಧನ ಇರುತ್ತವೆ. ಏರುವಾಗ, ಇಳಿಯುವಾಗ ಮಾತ್ರ ಬಂಕ್ ಖಾಲಿ. ಆಗ ಕ್ರೂ ಎಲ್ಲರೂ ತಮಗೆಂದೇ ಇರುವ ಮಡಚುವ ಸೀಟಿನಲ್ಲಿ, ಅಂದರೆ ಜಂಪ್‌ಸೀಟಿನಲ್ಲಿ.