ರೆಟ್ ಇರುವ ಹುಡುಗಿಗೆ ಹತ್ತು ಸೆಕೆಂಡ್ ಕೊಡಿ

ಒಂದು ವರ್ಷದವರೆಗೆ ನಗುತ್ತ, ಆಟಿಕೆ ಹಿಡಿಯುತ್ತ, 'ಅವ್ವ' ಅನ್ನುತ್ತಿದ್ದ ಹೆಣ್ಣುಮಗು ಒಂದೂವರೆ ವರ್ಷದ ಹೊತ್ತಿಗೆ ಮಾತು ಮರೆಯುತ್ತದೆ. ಆಟಿಕೆ ಹಿಡಿಯುತ್ತಿದ್ದ ಕೈಗಳು ಒಂದನ್ನೊಂದು ಹಿಸುಕಿಕೊಳ್ಳತೊಡಗುತ್ತವೆ. ಇದು ರೆಟ್ ಸಿಂಡ್ರೋಮ್, ಮಿದುಳಿನ ಬೆಳವಣಿಗೆಯ ಒಂದು ಅಪರೂಪದ ಕಾಯಿಲೆ. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಇದಕ್ಕೆ ದೃಷ್ಟಿಯಾಗಿದೆ, ಗಾಳಿ ಸೋಕಿದೆ ಅನ್ನುವವರು ಇನ್ನೂ ಇದ್ದಾರೆ. ಆಮೇಲೆ ತಾಯಿಯನ್ನು ಹಿಡಿದುಕೊಳ್ಳುತ್ತಾರೆ: ಗ್ರಹಣದ ದಿನ ಹೊರಗೆ ಬಂದಳು, ಸೋದರಮಾವನನ್ನೇ ಕಟ್ಟಿಕೊಂಡಳು. ರಕ್ತಸಂಬಂಧದ ಮದುವೆಯಿಂದ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ರೆಟ್ ಸಿಂಡ್ರೋಮ್ ಆ ಗುಂಪಿನದಲ್ಲ.

ವಿಯೆನ್ನಾದ ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್ 1966ರಲ್ಲೇ ಇದನ್ನು ಜರ್ಮನ್ ಭಾಷೆಯಲ್ಲಿ ವಿವರಿಸಿದ್ದರು. ಜಗತ್ತು ಗಮನಿಸಿದ್ದು 1983ರಲ್ಲಿ, ಸ್ವೀಡನ್ನಿನ ಬೆಂಗ್ಟ್ ಹ್ಯಾಗ್‌ಬರ್ಗ್ ಮತ್ತು ಸಂಗಡಿಗರು ಇಂಗ್ಲಿಷಿನಲ್ಲಿ ಬರೆದ ಮೇಲೆ. 1999ರಲ್ಲಿ ಅಮೆರಿಕದ ತಳಿವಿಜ್ಞಾನಿ ಹುದಾ ಝೋಗ್ಬಿ ಅವರ ಪ್ರಯೋಗಾಲಯ ಕಾರಣ ಪತ್ತೆಹಚ್ಚಿತು: ಎಕ್ಸ್ ಕ್ರೋಮೋಸೋಮಿನಲ್ಲಿರುವ ಎಂಇಸಿಪಿ2 ಎಂಬ ಜೀನಿನ ದೋಷ. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬರುವ ಈ ದೋಷ ಬಹುತೇಕ ಹೊಸದಾಗಿ, ಅದೂ ಹೆಚ್ಚಾಗಿ ತಂದೆಯ ವೀರ್ಯಾಣು ತಯಾರಾಗುವಾಗ ಹುಟ್ಟುತ್ತದೆ. ತಂದೆಯ ತಪ್ಪೂ ಅಲ್ಲ. ಜೀನಿನ ನಕಲು ಮಾಡುವಾಗ ಆದ ಅಕ್ಷರದೋಷ ಅಷ್ಟೆ.

ಹೆಣ್ಣಿಗೆ ಎಕ್ಸ್ ಎರಡು. ಭ್ರೂಣ ಇನ್ನೂ ಎಳೆಯದಿರುವಾಗಲೇ ಪ್ರತಿ ಜೀವಕೋಶ ಎರಡರಲ್ಲಿ ಒಂದನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಎಂಬುದಕ್ಕೆ ಲೆಕ್ಕವಿಲ್ಲ, ಆದರೆ ಅದರಿಂದ ಹುಟ್ಟುವ ಕೋಶಗಳೆಲ್ಲ ಅದೇ ಆಯ್ಕೆಯನ್ನು ಉಳಿಸಿಕೊಳ್ಳುತ್ತವೆ. ಇಲಿಗಳ ಮಚ್ಚೆಮಚ್ಚೆ ತುಪ್ಪಳ ನೋಡಿ 1961ರಲ್ಲಿ ಇದನ್ನು ಹೇಳಿದವರು ಬ್ರಿಟನ್ನಿನ ತಳಿವಿಜ್ಞಾನಿ ಮೇರಿ ಲಯನ್. ಎಂಥ ಕಣ್ಣು ಅವರದು! ಹಾಗಾಗಿ ರೆಟ್ ಇರುವ ಹುಡುಗಿಯ ಕೆಲವು ಕೋಶಗಳಲ್ಲಿ ಸರಿಯಾದ ಜೀನ್ ಕೆಲಸ ಮಾಡುತ್ತದೆ, ಉಳಿದವುಗಳಲ್ಲಿ ದೋಷದ ಜೀನ್. ಅವಳ ಮಿದುಳು ಅಜ್ಜಿ ಹೊಲಿದ ಕೌದಿಯಂತೆ: ಗಟ್ಟಿ ತುಂಡು, ಸವೆದ ತುಂಡು ಅಕ್ಕಪಕ್ಕ. ಒಂದೇ ದೋಷವಿದ್ದರೂ ಒಬ್ಬಳು ನಡೆಯುತ್ತಾಳೆ, ಇನ್ನೊಬ್ಬಳಿಗೆ ಗಾಲಿಕುರ್ಚಿ ಬೇಕು. ಒಬ್ಬಳನ್ನು ಕಂಡ ಶಿಕ್ಷಕರು ಇನ್ನೊಬ್ಬಳನ್ನು ಅದೇ ಅಳತೆಯಲ್ಲಿ ಅಳೆಯಬಾರದು.

ರೆಟ್‌ನಲ್ಲಿ ನರಕೋಶಗಳು ಸಾಯುವುದಿಲ್ಲ ಎಂಬುದು ಇನ್ನೂ ದೊಡ್ಡ ವಿಷಯ. 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ತಂಡ ಇಲಿಗಳಲ್ಲಿ ಆ ಜೀನನ್ನು ಮತ್ತೆ ಚಾಲೂ ಮಾಡಿದಾಗ ಲಕ್ಷಣಗಳು ಬಹುಪಾಲು ಹಿಂಜರಿದವು. ಮನುಷ್ಯರಿಗೆ ಅಂಥ ಚಿಕಿತ್ಸೆ ಇನ್ನೂ ಕೈಗೆ ಬಂದಿಲ್ಲ. ಆದರೆ 'ಇವಳಿಗೆ ಏನೂ ಗೊತ್ತಾಗಲ್ಲ' ಎಂದು ಮೂಲೆಯಲ್ಲಿ ಕೂರಿಸಲು ಯಾವ ಆಧಾರವೂ ಇಲ್ಲ.

ಅವಳ ತೊಡಕು ಇರುವುದು ಇಚ್ಛೆ ಮತ್ತು ಚಲನೆಯ ನಡುವೆ. ಕೈ ಮಾತು ಕೇಳುವುದಿಲ್ಲ, ಕಣ್ಣು ಕೇಳುತ್ತದೆ. ಅದೂ ತಡವಾಗಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆರೋಗ್ಯ ತೀರ ನಾಜೂಕಾದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಬೇಕೇ ಬೇಕು. ಅದನ್ನೇ ಮೊದಲ ದಾರಿ ಮಾಡುವುದನ್ನು ನಾನು ಒಪ್ಪುವುದಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿದೆ: ವಯಸ್ಸು ಬೇರೆಯಾದ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನದೇ ಮೆಟ್ಟಿಲಲ್ಲಿರುತ್ತದೆ, ಕೈಗೆ ಕಾರ್ಡ್‌ಗಳಿರುತ್ತವೆ. ಇವಳಿಗೆ ಇದಕ್ಕಿಂತ ಹೊಂದುವ ತರಗತಿ ಯಾವುದು?

ಎರಡು ಚಿತ್ರಗಳನ್ನು ದೂರದೂರ ಹಿಡಿಯಿರಿ. 'ಹಸು ಯಾವುದವ್ವಾ?' ಎಂದು ಒಮ್ಮೆ ಕೇಳಿ ಸುಮ್ಮನಿರಿ. ಅವಳು ಉತ್ತರಿಸುವುದು ಕಣ್ಣಿನ ನೋಟದಿಂದ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ನಡುವೆ ಪ್ರಶ್ನೆ ಮತ್ತೆ ಕೇಳಿದರೆ ಅವಳ ಪ್ರಯತ್ನ ಮೊದಲಿನಿಂದ ಶುರುವಾಗಬೇಕಾಗುತ್ತದೆ.

ಉಸಿರು ಹಿಡಿಯುವುದು, ಫಿಟ್ಸ್ ಬರುವುದು ರೆಟ್‌ನಲ್ಲಿ ಸಾಮಾನ್ಯ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.